ಆಯಿ ನೀರು ತುಂಬಿದ ಎಂಜಿನ್ನು

ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ ಯಾರ ಮನೆಯಲ್ಲಾದರೂ ಒಂದೇ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಸಾಂಟಾ ಕ್ಲಾರಾದ ನನ್ನ ಅಪಾರ್ಟ್‌ಮೆಂಟಿನಲ್ಲಿ, ಆಫೀಸಿನ ಕರೆಯೊಂದನ್ನು ಕೇಳುತ್ತ ಹಾಲಿಟ್ಟದ್ದನ್ನೇ ಮರೆತೆ. ಕಿಟಕಿ ತೆಗೆಯಲು ಓಡಿದವಳು ಚಿಲಕದ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಟ್ಟೆ. ಮೂಗು ತಾನಾಗಿಯೇ ಆ ವಾಸನೆಗೆ ಬಿಸಿ ಎಣ್ಣೆಯನ್ನೂ ಕಾದ ತಾಮ್ರವನ್ನೂ ಒದ್ದೆ ಹಬೆಯನ್ನೂ ಸೇರಿಸಿಕೊಂಡಿತು. ಎಷ್ಟೋ ವರ್ಷಗಳ ಹಿಂದೆ, ದೀಪಾವಳಿಯ ನರಕ ಚತುರ್ದಶಿಯಂದು, ಬೆಟ್ಟದ ಮೇಲಿನ ಪಾರ್ಕೊಂದರಲ್ಲಿ ನಾನು ಇದೇ ವಾಸನೆಯ ನಡುವೆ ಕೂತಿದ್ದೆ. ಆಗ ನನಗೆ ಹತ್ತು ವರ್ಷವಿರಬೇಕು. ಯಾರೋ ಚಹಾ ಕಾಯಿಸುತ್ತಿದ್ದಾರೆಂದು ತಿಳಿದು ಸುಮ್ಮನಾಗಿದ್ದೆ. ಈಗ, ಸೀದ ಪಾತ್ರೆಯ ಮುಂದೆ ನಿಂತು, ಮೊದಲ ಸಲ ನನ್ನನ್ನು ನಾನೇ ಕೇಳಿಕೊಂಡೆ: ಆ ಬೆಟ್ಟದ ಮೇಲೆ ಒಲೆಯೇ ಇರಲಿಲ್ಲವಲ್ಲ, ಹಾಲು ಎಲ್ಲಿಂದ ಬಂತು?

ಆ ದಿನವನ್ನು ಹೇಳುವ ಮೊದಲು, ಸಾಂಟಾ ಕ್ಲಾರಾದಿಂದ ಒಂದು ಗಂಟೆ ದಾರಿಯ, ಅಮೆರಿಕದ್ದೇ ಆದ ಡಬ್ಲಿನ್ನಿನ ಆ ಮನೆಯನ್ನು ಹೇಳಬೇಕು. ಈಗ ಅದು ನಮ್ಮದಲ್ಲ. ಅಪ್ಪ, ಅಪ್ಪನ ತಮ್ಮ ಬಸು ಕಾಕಾ, ಅವರಿಬ್ಬರ ತಂಗಿ ಶಾಂತತ್ತಿ, ಮೂವರೂ ತಮ್ಮ ತಮ್ಮ ಸಂಸಾರ ಕಟ್ಟಿಕೊಂಡು ಒಂದೇ ಮನೆ ಕೊಂಡು, ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ಅವರ ತಾಯಿ, ನಾವು ಮಕ್ಕಳು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ, ಹುಬ್ಬಳ್ಳಿಯಿಂದ ಬಂದು ನಮ್ಮೊಂದಿಗೇ ಇದ್ದಳು. ಬಾಗಿಲ ಮುಂದೆ ಬಿದ್ದಿರುತ್ತಿದ್ದ ಚಪ್ಪಲಿ, ಬೂಟುಗಳ ರಾಶಿ ನೋಡಿ ಎದುರು ಮನೆಯವರು ನಾವು ಡೇಕೇರ್ ನಡೆಸುತ್ತೇವೆಂದೇ ಬಹಳ ದಿನ ನಂಬಿದ್ದರಂತೆ. ಸಂಜೆ ಆ ಮನೆಯಲ್ಲಿ ಎರಡು ಸದ್ದು ಒಟ್ಟಿಗೆ ಕೇಳುತ್ತಿದ್ದವು. ಅಡುಗೆಮನೆಯಲ್ಲಿ ಗೀತಾ ಕಾಕು ಜೋಳದ ರೊಟ್ಟಿ ಬಡಿಯುತ್ತಿದ್ದಳು, ಗೋಡೆಯಾಚೆಯ ಗ್ಯಾರೇಜಿನಲ್ಲಿ ಅವಳ ಗಂಡ ಬಸು ಕಾಕಾ ತಾಮ್ರದ ತಗಡು ಬಡಿಯುತ್ತಿದ್ದ. ರೊಟ್ಟಿಯ ಹೊಗೆಗೆ ಚೀರದಿರಲೆಂದು ಸ್ಮೋಕ್ ಅಲಾರ್ಮಿಗೆ ಸ್ನಾನದ ಟೋಪಿ ತೊಡಿಸಿಟ್ಟಿದ್ದರು. ಹಿತ್ತಲಿನಿಂದ ನೋಡಿದರೆ ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು. ಆಯಿ ಅವನ್ನು ನೋಡಿದಾಗಲೆಲ್ಲ, "ಜ್ವಾಳ ಕೊಯ್ದ ಹೊಲ ಇದ್ದಂಗ ಐತಿ," ಎನ್ನುತ್ತಿದ್ದಳು. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು. ಅದರ ಅಳತೆ ಈಗ ನೆನಪಿರುವುದಿಲ್ಲ, ಅದರ ಸದ್ದು ಮಾತ್ರ ನೆನಪಿರುತ್ತದೆ.

ಬಸು ಕಾಕಾ ಹಗಲೆಲ್ಲ ಸಾಂಟಾ ಕ್ಲಾರಾದ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದ. ಫ್ರೀವೇಯಲ್ಲಿ ನಿಂತು ನಿಂತು ಮನೆಗೆ ಬಂದವನು ಊಟಕ್ಕಿಂತ ಮೊದಲು ಗ್ಯಾರೇಜಿಗೆ ಹೋಗುತ್ತಿದ್ದ. ಅಲ್ಲಿ ಅವನ ಎಂಜಿನ್ನಿತ್ತು. ನಿಜವಾದ ಉಗಿ ಎಂಜಿನ್ನಿನದೇ ಸಣ್ಣ ರೂಪ; ಬೆಂಕಿ ಹೊತ್ತಿಸಿದರೆ ಉಗಿಯಿಂದಲೇ ಓಡಬೇಕಾದದ್ದು, ಅದರ ಹಿಂದಿನ ಪುಟ್ಟ ಡಬ್ಬಿಗಳ ಮೇಲೆ ಮನುಷ್ಯರು ಕಾಲು ಚಾಚಿ ಕೂರಬಹುದಾದದ್ದು. ಡಬ್ಲಿನ್ನಿಗೆ ಹತ್ತಿರದ ಈಸ್ಟ್ ಬೇ ಬೆಟ್ಟದ ಪಾರ್ಕಿನಲ್ಲಿ ಇಂಥ ಹವ್ಯಾಸಿಗಳು ಹಾಕಿಕೊಂಡ ಕಿರುಹಳಿಯಿದೆ. ಬಸು ಕಾಕಾನೂ ಅವರಲ್ಲೊಬ್ಬ. ಉಳಿದವರೆಲ್ಲ ಸಾಧಾರಣ ಎಂಜಿನ್ನು ಕಟ್ಟುತ್ತಿದ್ದರೆ ಇವನು ಟ್ರಿಪ್ಲೆಕ್ಸು ಕಟ್ಟುತ್ತಿದ್ದ.

ಅದೇನೆಂದು ಅವನು ನಮಗೆ ಹೇಳಿದ್ದು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು. "ಎಂಜಿನ್ ಉದ್ದ ಆದಂಗ ತಿರುವಿನ್ಯಾಗ ಹೊಳ್ಳೂದಿಲ್ಲ. ಅದಕ್ಕ ಏನ್ ಮಾಡಿದ್ರು? ನಡುವ ಕೀಲು ಇಟ್ರು, ನಿನ್ನ ಮೊಣಕಾಲಿನಂಗ," ಎಂದು ನನ್ನ ಕಾಲು ಬಗ್ಗಿಸಿ ತೋರಿಸಿದ. ನೂರು ವರ್ಷಗಳ ಹಿಂದೆ ಅಮೆರಿಕದ ರೈಲಿನವರಿಗೆ ಬೆಟ್ಟ ಹತ್ತುವ ದೈತ್ಯರು ಬೇಕಿದ್ದರು. ಒಂದೇ ಬಾಯ್ಲರಿನ ಕೆಳಗೆ ಎರಡು ಎಂಜಿನ್ನುಗಳ ಗಾಲಿಗಳನ್ನು ಜೋಡಿಸಿದರು, ಅದು ನಡೆಯಿತು. ಒಬ್ಬರು ಬಾಯ್ಲರನ್ನೇ ನಡುವೆ ಕತ್ತರಿಸಿ ಹಾರ್ಮೋನಿಯಮ್ಮಿನ ತಿದಿಯಂತೆ ಉಕ್ಕಿನ ಮಡಿಕೆ ಹಾಕಿ ಬಗ್ಗಿಸಲು ನೋಡಿದರು. ಮಡಿಕೆಯಲ್ಲಿ ಕೆಂಡದ ಚೂರು ಸಿಕ್ಕಿಕೊಂಡು ಅದು ಕೆಟ್ಟಿತು. ನಮ್ಮ ಸಿಯೆರಾ ಬೆಟ್ಟಗಳ ಸುರಂಗಗಳಲ್ಲಿ ಹೊಗೆಗೆ ಉಸಿರುಕಟ್ಟುತ್ತದೆಂದು ಚಾಲಕನ ಕೋಣೆಯನ್ನೇ ಮುಂದಕ್ಕೆ ತಂದರು. ಅದು ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಯಾರಿಗೋ ಆಸೆ ಹೆಚ್ಚಾಗಿ, ಹಿಂದೆ ನೀರು ಹೊರುವ ಟ್ಯಾಂಕಿನ ಕೆಳಗೂ ಗಾಲಿಗಳನ್ನಿಟ್ಟು ಮೂರನೆಯ ಎಂಜಿನ್ನನ್ನು ಸೇರಿಸಿದರು. ಅದೇ ಟ್ರಿಪ್ಲೆಕ್ಸು. ಅದರ ಶಕ್ತಿಗೆ ಡಬ್ಬಿಗಳ ಕೊಂಡಿಗಳೇ ತಾಳುತ್ತಿರಲಿಲ್ಲವಂತೆ. ಆದರೆ ಆರು ಸಿಲಿಂಡರುಗಳಿಗೆ ಬೇಕಾದಷ್ಟು ಉಗಿಯನ್ನು ಒಂದು ಬಾಯ್ಲರು ಕೊಡಲಾರದೆ ಹೋಯಿತು. ಸ್ವಲ್ಪ ದೂರ ಎಳೆಯುವುದು, ಸುಸ್ತಾಗುವುದು. ನಾಲ್ಕು, ಐದು ಎಂಜಿನ್ನುಗಳ ನಕ್ಷೆಗಳೂ ಇದ್ದವು. ಅವು ಕಾಗದದಲ್ಲೇ ಉಳಿದವು. ಒಂದು ಟ್ರಿಪ್ಲೆಕ್ಸನ್ನು ಕೊನೆಗೆ ಕಡಿದು ಎರಡು ಸಣ್ಣ ಎಂಜಿನ್ನು ಮಾಡಿದರು. ಅವೆರಡೂ ಬಹಳ ವರ್ಷ ದುಡಿದವು.

ಶಾಂತತ್ತಿಯ ಮಗ ರೋಹನ್ ನನಗಿಂತ ಸ್ವಲ್ಪ ದೊಡ್ಡವನು, ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು. "ಸೋ ಇಟ್ ಫೇಲ್ಡ್. ದೆನ್ ವೈ ಬಿಲ್ಡ್ ಇಟ್?" ಎಂದ.

"ಫೇಲಾತು ಅಂತನ ಕಟ್ಟಾಕತ್ತೇನಿ. ಪಾಸಾದದ್ದು ಸ್ಯಾಕ್ರಮೆಂಟೊ ಮ್ಯೂಸಿಯಮ್ಮಿನ್ಯಾಗ ನಿಂತೈತಿ, ಟಿಕೀಟ್ ತಗೊಂಡು ನೋಡು ಹೋಗು."

ಬಾಗಿಲಲ್ಲಿ ನಿಂತ ಶಾಂತತ್ತಿ ನಕ್ಕಳು. "ನಮ್ಮ ಮನೀನ ನೋಡಿ ಕಟ್ಟಾಕತ್ತೀಯೇನಣ್ಣಾ? ಒಲಿ ಒಂದು, ಉಣ್ಣಾವು ಮೂರು ಸಂಸಾರ!"

"ಎಳಿಯೂದೂ ಇಡೀ ಮನೀನ," ಎಂದ ಕಾಕಾ. ಅದು ತಮಾಷೆಯಾಗಿರಲಿಲ್ಲ. ಮನೆಮಂದಿಯೆಲ್ಲ ಸಾಲಾಗಿ ಕೂತಿರಬೇಕು, ಎಲ್ಲರಿಗಿಂತ ಮುಂದೆ, ಮೊದಲ ಡಬ್ಬಿಯಲ್ಲಿ, ಆಯಿ ಕೂತಿರಬೇಕು, ಟ್ರಿಪ್ಲೆಕ್ಸು ನಮ್ಮೆಲ್ಲರನ್ನು ಎಳೆದುಕೊಂಡು ಆ ಹಳಿಯ ಮೇಲೆ ಒಂದು ಸುತ್ತು ಬರಬೇಕು: ಇದೊಂದೇ ಅವನ ಆಸೆ. ಅದಕ್ಕೆ ಕಾರಣವೂ ಇತ್ತು. ಆಯಿಯ ಗಂಡ, ನಾನು ನೋಡದ ನನ್ನ ಮುತ್ಯಾ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. "ಜನ್ಮ ಪೂರಾ ಎಂಜಿನ್ ರಿಪೇರಿ ಮಾಡಿದ್ರು. ಒಂದಿನಾನೂ ನನ್ನ ಎಂಜಿನ್ನಿನ ಬೆನ್ನಿಗಿನ ಡಬ್ಬ್ಯಾಗ ಕುಂಡ್ರಿಸಲಿಲ್ಲ. ಯಾವಾಗ್ಲೂ ಕಡೀ ಡಬ್ಬಿ," ಎಂದು ಆಯಿ ಹೇಳುತ್ತಿದ್ದಳು. ದೂರಿನ ದನಿಯಲ್ಲಲ್ಲ. ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಂಡು ನಗುತ್ತಿದ್ದಳು. ಕಾಕಾ ಅದನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದ.

ಎಂಜಿನ್ನು ಮುಗಿದದ್ದು ಒಂದು ದೀಪಾವಳಿಯ ಹೊತ್ತಿಗೆ. ಹಬ್ಬದ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹುಬ್ಬಳ್ಳಿಯ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಿದ್ದರಂತೆ. ಡಬ್ಲಿನ್ನಿನಲ್ಲಿ ಹಂಡೆಯೆಲ್ಲಿಂದ ಬರಬೇಕು? ಗ್ಯಾರೇಜಿನ ಮೂಲೆಯಲ್ಲಿ ನಿಂತಿದ್ದ ವಾಟರ್ ಹೀಟರಿಗೇ ಆಯಿ ಪ್ರತಿ ವರ್ಷ ಕುಂಕುಮ ಹಚ್ಚುತ್ತಿದ್ದಳು. ಬೆಂಕಿಯ ಅಪಾಯವಿದೆ ಎಂಬ ಕೆಂಪು ಚೀಟಿಯ ಪಕ್ಕದಲ್ಲೇ ಅವಳ ವಿಭೂತಿಯ ಮೂರು ಗೆರೆ. ಆ ವರ್ಷ ಅವಳು ಹೀಟರಿನ ಕಡೆ ನೋಡಲೂ ಇಲ್ಲ. ನೇರ ಎಂಜಿನ್ನಿನ ಮುಂದೆ ನಿಂತು, ಬಾಯ್ಲರಿನ ಬೆನ್ನ ಮೇಲೆ ಕೈಯಾಡಿಸಿ, "ತಾಮ್ರದ್ದು. ಇದ ನೋಡ್ ಖರೇ ಹಂಡೆ," ಎಂದಳು. ಕಾಕಾ ಎಂಜಿನ್ನಿನ ಬೆಂಕಿಗೆ ಬೇಕಾದ ಗ್ಯಾಸಿನ ಸಿಲಿಂಡರು ತರಲು ಹೋಗಿದ್ದ. ನಾವು ಮಕ್ಕಳು ಹಿತ್ತಲಿನ ಮಲ್ಲಿಗೆಬಳ್ಳಿ ತಂದು ಚಿಮಣಿಗೆ ಸುತ್ತಿದೆವು. ಅಮ್ಮ ಆರತಿ ಹಿಡಿದಳು. ಊಟಕ್ಕೆ ಕರೆದಾಗ ನಾವೆಲ್ಲ ಒಳಗೆ ಹೋದೆವು. ಆಯಿ ಇನ್ನೂ ಸ್ವಲ್ಪ ಹೊತ್ತು ತನ್ನ ತಂಬಿಗೆಯೊಂದಿಗೆ ಅಲ್ಲೇ ಉಳಿದಳು.

ಮರುದಿನ ಎಣ್ಣೆ ಸ್ನಾನ ಮುಗಿಸಿ, ಎಂಜಿನ್ನನ್ನು ಟ್ರೇಲರಿಗೆ ಹತ್ತಿಸಿ, ಮೂರು ಕಾರುಗಳಲ್ಲಿ ಬೆಟ್ಟಕ್ಕೆ ಹೋದೆವು. ಆಯಿ ಹೊಸ ಸೀರೆಯ ಮೇಲೆ ಅಪ್ಪನ ಜಾಕೆಟ್ಟು ತೊಟ್ಟು, ತಲೆಗೆ ಉಲ್ಲನ್ ಟೋಪಿ ಹಾಕಿಕೊಂಡು ಮೊದಲ ಡಬ್ಬಿಯ ಮೇಲೆ ಕೂತಳು. ಅವಳ ಹಿಂದೆ ನಾನು, ನನ್ನ ಹಿಂದೆ ಉಳಿದವರೆಲ್ಲ. ಕಾಕಾ ಟ್ಯಾಂಕಿನ ನೀರನ್ನು ಕೈಪಂಪಿನಿಂದ ಬಾಯ್ಲರಿಗೆ ಹಾಯಿಸಿ ಬೆಂಕಿ ಹೊತ್ತಿಸಿದ. ಉಗಿಯ ಒತ್ತಡ ತೋರಿಸುವ ಮುಳ್ಳು ನಿಧಾನಕ್ಕೆ ಏರಿತು. ಹವ್ಯಾಸಿಗಳೆಲ್ಲ ತಮ್ಮ ಎಂಜಿನ್ನು ಬಿಟ್ಟು ನೋಡಲು ಬಂದು ನಿಂತಿದ್ದರು. ಕಾಕಾ ಸೀಟಿ ಊದಿ ಹಿಡಿ ಎಳೆದ. ಎಂಜಿನ್ನು ಕೆಮ್ಮಿತು. ಚಿಮಣಿಯಿಂದ ಉಗಿಯ ಬದಲು ಬೆಳ್ಳಗೆ ನೊರೆ ಹಾರಿ ನನ್ನ ಮುಖದ ಮೇಲೆ ಬಿತ್ತು. ಒಂದು ಮಾರು ಮುಂದೆ ಸರಿದು, ಆರೂ ಸಿಲಿಂಡರುಗಳಿಂದ ನೀರು ಕಾರಿ, ಅದು ನಿಂತುಬಿಟ್ಟಿತು. ಆಗಲೇ ಆ ವಾಸನೆ ಬಂದದ್ದು. ಕಾಕಾ ಬಾಗಿ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತದೆ ಬೆಂಕಿ ಆರಿಸಿದ.

"ಆಗಂಗಿಲ್ಲವ್ವ. ಹಬೆ ಸಾಲವಲ್ದು," ಎಂದ, ಆಯಿಯ ಬಳಿ ಬಂದು ಕುಕ್ಕರಗಾಲಿನಲ್ಲಿ ಕೂತು.

ಆಯಿಯ ಮುಖ ಸಣ್ಣದಾಯಿತು. "ನಿನ್ನೆ ನಾ ಪೂಜಿ ಮಾಡಿದ್ದರಾಗ ಏನರ ತಪ್ಪಾತೇನೋ ಬಸು?"

"ಪೂಜಿಗೂ ಇದಕ್ಕೂ ಏನ್ ಸಂಬಂಧ? ಈ ಜಾತಿ ಎಂಜಿನ್ನ ಹಂಗ. ನೂರು ವರ್ಷದ ಹಿಂದನೂ ಹಿಂಗ ನಿಂತಿದ್ವು. ಬುಕ್ಕಿನ್ಯಾಗ ಬರದಾರ, ಬೇಕಾರ ಇವರನ್ನ ಕೇಳು," ಎಂದು ಸುತ್ತ ನಿಂತ ಹವ್ಯಾಸಿಗಳ ಕಡೆ ಕೈ ಮಾಡಿದ. ಅವರಿಗೆ ಕನ್ನಡ ತಿಳಿಯದಿದ್ದರೂ ಟ್ರಿಪ್ಲೆಕ್ಸಿನ ಕತೆ ತಿಳಿದಿತ್ತು. ಬಿಳಿಗಡ್ಡದ ಮುದುಕರೊಬ್ಬರು ಸಮಾಧಾನ ಮಾಡುವವರಂತೆ ತಲೆಯಾಡಿಸಿದರು. ಆಯಿ ಅವರ ಮುಖ ನೋಡಿದಳು, ಮಗನ ಮುಖ ನೋಡಿದಳು. "ಹಂಗಾರ ಬಿಡು. ಪಾಪ, ಅದರದೂ ಏನ್ ತಪ್ಪು," ಎಂದು ಎಂಜಿನ್ನಿನ ಬೆನ್ನು ಸವರಿ ಇಳಿದಳು. ಹುಲ್ಲಿನ ಮೇಲೆ ಕೂತು ಶೇಂಗಾ ಹೋಳಿಗೆ ತಿಂದು ಮನೆಗೆ ಬಂದೆವು.

ಮನೆ ಒಡೆದದ್ದು ಜಗಳದಿಂದಲ್ಲ. ಮಕ್ಕಳು ಬೆಳೆದರು, ಕೋಣೆ ಸಾಲಲಿಲ್ಲ. ಶಾಂತತ್ತಿ ಪಕ್ಕದೂರು ಪ್ಲೆಸೆಂಟನ್ನಿನಲ್ಲಿ ಮನೆ ಮಾಡಿದಳು. ಅಪ್ಪನ ಕೆಲಸ ಸಾಂಟಾ ಕ್ಲಾರಾಕ್ಕೆ ಹೋಯಿತು, ನಾವೂ ಹೋದೆವು. ಬಸು ಕಾಕಾ ಡಬ್ಲಿನ್ನಿನಲ್ಲೇ ಸಣ್ಣದೊಂದು ಟೌನ್‌ಹೌಸಿಗೆ ಸರಿದ. ದೊಡ್ಡ ಮನೆಯನ್ನು ಕೊಂಡವರು ಅಡುಗೆಮನೆಯ ಗೋಡೆ ಒಡೆಸಿದರೆಂದು ಕೇಳಿದೆ. ಕೀಲಿ ಕೊಡುವ ದಿನ ಗೀತಾ ಕಾಕು ಸ್ಮೋಕ್ ಅಲಾರ್ಮಿನ ಟೋಪಿ ತೆಗೆಯಲು ಸ್ಟೂಲು ಹತ್ತಿದವಳು ಅಲ್ಲೇ ನಿಂತು ಅತ್ತಳು. ಆಯಿ ಮೂರೂ ಮನೆಗಳಲ್ಲಿ ಸರದಿಯಂತೆ ಇದ್ದಳು, ಮೂರೂ ಮನೆಗಳ ವಾಟರ್ ಹೀಟರುಗಳಿಗೆ ಕುಂಕುಮ ಹಚ್ಚಿದಳು. ಎಂಜಿನ್ನು ಕಾಕಾನ ಗ್ಯಾರೇಜಿನಲ್ಲಿ, ನಮ್ಮೆಲ್ಲರ ಹಳೆಯ ಬಟ್ಟೆಗಳಿಂದ ಆಯಿ ಹೊಲಿದ ಕೌದಿಯನ್ನು ಹೊದ್ದು ಮಲಗಿತ್ತು. ಇನ್ನೊಮ್ಮೆ ನಡೆಸಿ ನೋಡೆಂದು ಬಿಳಿಗಡ್ಡದವರು ಬಹಳ ಸಲ ಹೇಳಿದರಂತೆ. ಕಾಕಾ ಒಪ್ಪಲಿಲ್ಲ. ಉಗಿ ಸಾಲದ ಎಂಜಿನ್ನು, ಅದರ ಚರಿತ್ರೆಯೇ ಹಾಗೆ ಎಂದು ಎಲ್ಲರೂ ನಂಬಿದೆವು. ಮುಂದೆ ನಾನು ಯೂನಿವರ್ಸಿಟಿಯಲ್ಲಿ ಶಾಖಶಾಸ್ತ್ರ ಓದಿದೆ, ಆಗಲೂ ಅನುಮಾನ ಬರಲಿಲ್ಲ. ಹೋದ ವರ್ಷ, ಆ ಚಳಿಗಾಲಕ್ಕೆ ಮೊದಲು, ಆಯಿ ಪ್ಲೆಸೆಂಟನ್ನಿನ ಮನೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡಳು.

ಹಾಲು ಉಕ್ಕಿದ ಆ ವಾರದ ಕೊನೆಗೇ ನಾನು ಡಬ್ಲಿನ್ನಿಗೆ ಹೋದೆ. ಕಾಕು ಚಹಾ ಕೊಟ್ಟಳು. ನಾನು ಮಾತು ಸುತ್ತಿಬಳಸಿ ತರುವುದನ್ನು ಕಲಿತವಳಲ್ಲ.

"ಕಾಕಾ, ಅವತ್ತು ಸ್ಟೀಮಿನ್ಯಾಗ ಹಾಲಿನ ವಾಸನಿ ಇತ್ತು. ಎಲ್ಲಿಂದ ಬಂತು?"

ಕಾಕಾ ಕಪ್ಪನ್ನು ಕೆಳಗಿಟ್ಟ. ಅವನ ಮುಖದಲ್ಲಿ ಮೊದಲು ಮೂಡಿದ್ದು ನಗು. "ಇಷ್ಟ್ ವರ್ಷದಾಗ ಕೇಳಿದಾಕಿ ನೀ ಒಬ್ಬಾಕಿ ನೋಡು. ಟ್ಯಾಂಕಿನ್ಯಾಗ ಅವ್ವ ಹಾಲು ತುಪ್ಪ ಹಾಕಿದ್ಲು. ಊರಾಗ ಹಂಡೇದಾಗ ಗಂಗವ್ವಗ ಅಂತ ಹಾಕತಿದ್ಲಲ್ಲ, ಹಂಗ. ಹಂಡೇಕ ಒಂದ್ ಚಮಚಾ. ಎಂಜಿನ್ ದೊಡ್ಡದೈತಿ ಅಂತ ಇದಕ್ಕ ತಂಬಿಗಿ ತುಂಬ!"

ಹಾಲು, ತುಪ್ಪ ಬೆರೆತ ನೀರು ಬಾಯ್ಲರಿನಲ್ಲಿ ಕುದಿದರೆ ನೊರೆಯೇಳುತ್ತದೆ. ಆ ನೊರೆ ಉಗಿಯ ಕೊಳವೆಗಳಿಗೆ ನುಗ್ಗುತ್ತದೆ, ಒಳಗೆ ನೀರು ಎಷ್ಟಿದೆಯೆಂದು ತಿಳಿಯುವುದಿಲ್ಲ; ಬೆಂಕಿ ಆರಿಸದೆ ಬೇರೆ ದಾರಿಯಿಲ್ಲ. ಗಾಜಿನ ಕೊಳವೆಯಲ್ಲಿ ಬೆಳ್ಳಗಿದ್ದುದನ್ನು ನೋಡಿದ ಕೂಡಲೇ ಅವನಿಗೆ ಎಲ್ಲವೂ ತಿಳಿದಿತ್ತು.

"ನನಗ ಸೈತ ಹೇಳಿಲ್ಲ ನೋಡು ಈ ಮನಷ್ಯಾ!" ಎಂದಳು ಕಾಕು. "ಹಾಲಿನ ಬಾಟ್ಲಿ ಖಾಲಿ ಆಗಿತ್ತಂತ ನಾ ಅವತ್ತು ರೋಹನ್ನಗ ಬೈದಿದ್ದೆ!"

"ಮತ್ತ ತೊಳದು ಇನ್ನೊಮ್ಮೆ ಯಾಕ ನಡಸಲಿಲ್ಲ?" ಎಂದೆ.

"ನಡದಿದ್ರ?" ಎಂದ ಕಾಕಾ. "ಅವತ್ತ ಯಾಕ ನಡೀಲಿಲ್ಲಪಾ ಅಂತ ಅವ್ವ ಕೇಳತಿದ್ಲು. ನಡಿಯೂದನ್ನ ಕಣ್ಣಾರೆ ನೋಡಿದ ಮ್ಯಾಲೆ ನನ್ನ ಮಾತು ನಂಬತಿದ್ಲೇನು? ತನ್ನ ಕೈಯಿಂದನ ಕೆಟ್ಟಿತು ಅಂತ ತಿಳದು ನೀರು ತುಂಬೂದನ್ನ ಬಿಟ್ಟುಬಿಡತಿದ್ಲು. ಬ್ಯಾಡ ಅನಸ್ತು. ಹೆಂಗೂ ಈ ಎಂಜಿನ್ನಿಗೆ ಮದ್ಲಿಂದನೂ ಕೆಟ್ಟ ಹೆಸರು ಇತ್ತಲ್ಲ, ಅದರ ಮ್ಯಾಲೇನ ಹಾಕಿದೆ."

ನಾನು ಗ್ಯಾರೇಜಿಗೆ ಹೋಗಿ ಕೌದಿ ಸರಿಸಿದೆ. ಧೂಳಿಲ್ಲ. ಗಾಲಿಗಳ ಕೀಲುಗಳಿಗೆ ಈಚೆಗೆ ಎಣ್ಣೆ ಬಿಟ್ಟಂತಿತ್ತು. ಅವನು ಅದನ್ನು ಒಂದು ದಿನವೂ ಮರೆತಿರಲಿಲ್ಲ. ನೂರು ವರ್ಷಗಳ ಹಿಂದಿನ ಟ್ರಿಪ್ಲೆಕ್ಸಿನಲ್ಲಿ ಮೂರನೆಯ ಎಂಜಿನ್ನಿನ ಉಗಿ ಟ್ಯಾಂಕಿನ ಹಿಂದಿನಿಂದಲೇ ಹೊರಹೋಗಿ ಪೋಲಾಗುತ್ತಿತ್ತು. ಕಾಕಾ ಅದನ್ನು ಉದ್ದದ ಕೊಳವೆಯೊಂದರಿಂದ ಮುಂದಿನ ಚಿಮಣಿಗೆ ತಂದಿದ್ದ, ಬೆಂಕಿಗೆ ಗಾಳಿ ಹೆಚ್ಚು ಸಿಗಲೆಂದು. ಅದು ಕೆಲಸ ಮಾಡುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ತಿಳಿಯುವ ಅವಕಾಶವನ್ನು ಅವನು ತಾಯಿಗಾಗಿ ಬಿಟ್ಟುಕೊಟ್ಟಿದ್ದ.

ಉಳಿದ ಚಳಿಗಾಲವೆಲ್ಲ ಶನಿವಾರಗಳಂದು ನಾವಿಬ್ಬರೂ ಬಾಯ್ಲರನ್ನು ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿ ತೊಳೆದೆವು, ಹೊರಬರುವ ನೀರು ತಿಳಿಯಾಗುವವರೆಗೆ. ವಸಂತ ಬಂದಿತು. ಗುಡ್ಡಗಳು ಹಸಿರಾಗಿದ್ದ ಒಂದು ಭಾನುವಾರ ಮೂರೂ ಮನೆಯವರು ಮತ್ತೆ ಆ ಬೆಟ್ಟಕ್ಕೆ ಹೋದೆವು. ರೋಹನ್ ತನ್ನ ಹೆಂಡತಿಯನ್ನೂ, ಈಗಷ್ಟೇ ಓಡಲು ಕಲಿತ ಮಗಳನ್ನೂ ಕರೆತಂದಿದ್ದ. ಮೊದಲ ಡಬ್ಬಿಯ ಮೇಲೆ ಆಯಿಯ ಕೌದಿಯನ್ನು ಮಡಿಸಿ ಹಾಸಿದೆವು. ಅಲ್ಲಿ ಯಾರೂ ಕೂರಲಿಲ್ಲ. ಬೆಂಕಿ ಹೊತ್ತಿಸುವ ಮೊದಲು ಗೀತಾ ಕಾಕು ಕುಂಕುಮದ ಬಟ್ಟಲನ್ನೂ ಸಣ್ಣ ಲೋಟದಲ್ಲಿ ಹಾಲನ್ನೂ ಹಿಡಿದು ಬಂದಳು.

"ಏ, ಟ್ಯಾಂಕಿನ ಹತ್ರ ಬರಬ್ಯಾಡ!" ಎಂದು ಕಾಕಾ ಎರಡೂ ಕೈ ಚಾಚಿ ಅಡ್ಡ ನಿಂತ.

"ಹಳಿಗೆ ಹಾಕತೇನ್ರೀ, ಹೆದರಬ್ಯಾಡ್ರಿ," ಎಂದು ಕಾಕು ನಾಲ್ಕು ಹನಿ ಹಾಲನ್ನು ಹಳಿಯ ಮೇಲೆ ಚಿಮುಕಿಸಿದಳು. ಒಂದು ಹನಿ ಹಾರಿ ಚಿಮಣಿಯ ಬುಡದಲ್ಲಿ ಬಿದ್ದುದನ್ನು ನಾನು ನೋಡಿದೆ.

ಕಾಕಾ ಹಿಡಿ ಎಳೆದ. ಚಿಮಣಿಯಿಂದ ಒಣ, ಬಿಳಿ ಉಗಿ ಮೇಲೆದ್ದಿತು. ಮೊದಲ ಎಂಜಿನ್ನು, ಎರಡನೆಯದು, ಟ್ಯಾಂಕಿನ ಕೆಳಗಿನ ಮೂರನೆಯದು, ಮೂರೂ ತಮ್ಮ ತಮ್ಮ ಲಯದಲ್ಲಿ ಉಸಿರು ಬಿಡುತ್ತ, ಸ್ವಲ್ಪ ಹೊತ್ತಿಗೆ ಒಂದೇ ಲಯಕ್ಕೆ ಬಂದು, ನಾವು ಮುಂದೆ ಸರಿದೆವು. ತಿರುವಿನಲ್ಲಿ ಅದು ಕೀಲುಗಳಲ್ಲಿ ಬಾಗಿತು. ಅಷ್ಟು ಉದ್ದದ ಉಕ್ಕು ಅಷ್ಟು ಮೆತ್ತಗೆ ಹೊರಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ವೇಗ ಮನುಷ್ಯ ನಡೆಯುವಷ್ಟೇ. ರೋಹನನ ಮಗಳು ಇಳಿದು ಪಕ್ಕದಲ್ಲಿ ಓಡಿ ನಮ್ಮನ್ನು ಹಿಂದೆ ಹಾಕಿದಳು. "ಕಾಕಾ, ಶೀ ಈಸ್ ವಿನ್ನಿಂಗ್!" ಎಂದು ರೋಹನ್ ಕೂಗಿದ. ಸುತ್ತು ಮುಗಿಯುವ ಮೊದಲಿನ ಏರಿನಲ್ಲಿ ಮುಳ್ಳು ಇಳಿಯತೊಡಗಿತು. ಉಸಿರು ನಿಧಾನವಾಯಿತು. ನಾವು ನಿಂತೆವು.

ಕಾಕಾ ಬಾಗಿ ಗಾಜಿನ ಕೊಳವೆಯನ್ನು ನೋಡಿದ. ನೀರು ತಿಳಿಯಾಗಿತ್ತು, ಬೇಕಾದಷ್ಟಿತ್ತು. ಬೆಂಕಿಯೂ ಚೆನ್ನಾಗಿತ್ತು. ಆರು ಸಿಲಿಂಡರುಗಳು ಬಾಯ್ಲರು ಕೊಡುವುದಕ್ಕಿಂತ ಹೆಚ್ಚು ಕುಡಿದಿದ್ದವು, ಅಷ್ಟೇ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ತಿರುಗಿದಾಗ ನೋಡಿದರೆ ನಗುತ್ತಿದ್ದ. ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕ.

"ಕೇಳ್ರಿಲ್ಲೆ, ನಾ ಅವ್ವಗ ಸುಳ್ಳು ಹೇಳಿದ್ದಿಲ್ಲ! ಹಬೆ ಸಾಲವಲ್ದು! ಖರೇನ ಸಾಲವಲ್ದು!"

"ಮತ್ತೀಗ?" ಎಂದಳು ಶಾಂತತ್ತಿ ಹಿಂದಿನ ಡಬ್ಬಿಯಿಂದ.

"ಈಗೇನು, ಕುಂಡ್ರೂದು. ಹಬೆ ಮತ್ತ ಕೂಡತೈತಿ."

ಕೂತೆವು. ಅಪ್ಪ, ಅಮ್ಮನ ಕೈಯಿಂದ ಕಿತ್ತಳೆ ಇಸಿದುಕೊಂಡು ಸುಲಿದು ಹಿಂದಕ್ಕೆ ದಾಟಿಸಿದ; ತೊಳೆಗಳು ಡಬ್ಬಿಯಿಂದ ಡಬ್ಬಿಗೆ ಹೋದವು, ಒಂದು ಕಾಲಕ್ಕೆ ಆ ಅಡುಗೆಮನೆಯಿಂದ ರೊಟ್ಟಿಗಳು ಕೋಣೆ ಕೋಣೆಗೆ ಹೋಗುತ್ತಿದ್ದ ಹಾಗೆ. ಚಿಮಣಿಯ ಬುಡದಲ್ಲಿ ಬಿದ್ದಿದ್ದ ಹಾಲಿನ ಹನಿ ಸೀದು ಆ ವಾಸನೆ ಒಮ್ಮೆ ಸಣ್ಣಗೆ ಬಂದು ಗಾಳಿಯಲ್ಲಿ ಹೋಯಿತು. ಮುಂದಿನ ಡಬ್ಬಿಯ ಕೌದಿಯ ಮೇಲೆ ಬಿಸಿಲು ಬಿದ್ದಿತ್ತು; ನನ್ನ ಚಿಕ್ಕಂದಿನ ಹಳದಿ ಫ್ರಾಕಿನ ಒಂದು ತುಂಡು ಅದರಲ್ಲಿ ಕಾಣುತ್ತಿತ್ತು. ಮುಳ್ಳು ಮತ್ತೆ ಏರತೊಡಗಿತು, ಬಹಳ ನಿಧಾನವಾಗಿ. ನಾವು ಯಾರೂ ಇಳಿಯಲಿಲ್ಲ.